ಹಳೆಯ ಮೌಂಟೇನ್ ಬೈಕ್‌ಗೆ ಹೊಸ ಬಿಡಿಭಾಗ: ಯಾವುದು ಲಾಭ, ಯಾವುದು ಅಪಾಯ?

ಮನೆಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ನಿಂತಿರುವ ಹಳೆಯ ಗೇರ್ ಸೈಕಲ್‌ಗಳ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಮಾತು ತಿರುಗುತ್ತಿರುತ್ತದೆ.

ಮೊದಲನೆಯದು: ‘ಹೊಸ ಸೈಕಲ್ ಯಾಕೆ ಕೊಳ್ಳುತ್ತೀರಿ? ಹಳೆಯದಕ್ಕೇ ಡಿಸ್ಕ್ ಬ್ರೇಕ್, ದೊಡ್ಡ ಶಾಕ್, 29 ಇಂಚಿನ ಚಕ್ರ ಹಾಕಿಸಿ, ಹೊಸದಾಗುತ್ತದೆ.’

ಎರಡನೆಯದು ಇದಕ್ಕೆ ಪೂರ್ತಿ ವಿರುದ್ಧ: ‘26 ಇಂಚಿನ ಸೈಕಲ್ ಕಾಲ ಮುಗಿಯಿತು. ಬಿಡಿಭಾಗ ಸಿಗುವುದಿಲ್ಲ. ಗುಜರಿಗೆ ಹಾಕಿ.’

ಎರಡೂ ಅರ್ಧ ಸತ್ಯ. ಹಳೆಯ ಮೌಂಟೇನ್ ಬೈಕ್‌ಗೆ ಕೆಲವು ಹೊಸ ಭಾಗಗಳನ್ನು ಹಾಕಿದರೆ ಅದು ನಿಜಕ್ಕೂ ಬೇರೆಯೇ ಸೈಕಲ್ ಆಗುತ್ತದೆ. ಇನ್ನು ಕೆಲವನ್ನು ಹಾಕಿದರೆ ಇಳಿಜಾರಿನಲ್ಲಿ ಮುಂದಿನ ಫೋರ್ಕ್ ಮುರಿದು ಸವಾರ ಮುಖ ಅಡಿಯಾಗಿ ಬೀಳಬಹುದು. ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನೆನಪಿಡಬೇಕಾದ ಪ್ರಶ್ನೆ ಒಂದೇ: ಈ ಹೊಸ ಭಾಗ ಫ್ರೇಮ್ ಮೇಲೆ ಬೀಳುವ ಭಾರವನ್ನೋ ಸೈಕಲ್ಲಿನ ಅಳತೆಯನ್ನೋ ಬದಲಿಸುತ್ತದೆಯೇ? ‘ಇಲ್ಲ’ ಎಂದಾದರೆ ಧೈರ್ಯವಾಗಿ ಹಾಕಿಸಿ. ‘ಹೌದು’ ಎಂದಾದರೆ ಮೊದಲು ಫ್ರೇಮ್ ಅದಕ್ಕಾಗಿ ತಯಾರಾಗಿದೆಯೇ ಎಂದು ನೋಡಿ.

ಮೌಂಟೇನ್ ಬೈಕ್ ಹುಟ್ಟಿದ್ದೇ ಹೀಗೆ

ಹಳೆಯ ಫ್ರೇಮ್‌ಗೆ ಹೊಸ ಭಾಗ ಹಾಕುವುದು ಇಂದಿನ ಜುಗಾಡ್ ಅಲ್ಲ. ಮೌಂಟೇನ್ ಬೈಕ್ ಎಂಬ ವಾಹನ ಹುಟ್ಟಿದ್ದೇ ಹಾಗೆ.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು 1930–40ರ ದಶಕದ ದಪ್ಪ ಟಯರಿನ ಹಳೆಯ ಸೈಕಲ್‌ಗಳನ್ನು ಬೆಟ್ಟಕ್ಕೆ ಒಯ್ದು ಇಳಿಸುತ್ತಿದ್ದರು. ಫೇರ್‌ಫ್ಯಾಕ್ಸ್ ಊರಿನ ಬಳಿ 1976ರ ಅಕ್ಟೋಬರ್‌ನಲ್ಲಿ ಶುರುವಾದ ಇಳಿಜಾರು ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಬ್ರೇಕ್‌ನಿಂದಲೇ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕ್ ಆ ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದ ಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು.

ಆಗ ಅವರು ಆ ಹಳೆಯ ಫ್ರೇಮ್‌ಗಳಿಗೆ ಡ್ರಮ್ ಬ್ರೇಕ್, ಮೋಟಾರ್ ಸೈಕಲ್ಲಿನ ಬ್ರೇಕ್ ಲಿವರ್, ಬಹು ಗೇರ್ ಎಲ್ಲವನ್ನೂ ಜೋಡಿಸಿದರು. ಸೈಕಲ್ ಚೆನ್ನಾಗಿ ಓಡಿತು. ಆದರೆ ಆ ಹೊಡೆತಕ್ಕೆ ಫ್ರೇಮ್‌ಗಳು ಬಾಗಲು, ಮುರಿಯಲು ಶುರುವಾದವು. ಕೊನೆಗೆ ಜೋ ಬ್ರೀಜ್ 1977ರಲ್ಲಿ ಈ ಬಳಕೆಗೆಂದೇ ಹೊಸ ಫ್ರೇಮ್ ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯಿಂದ ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂತು.

ನಮ್ಮ ಇವತ್ತಿನ ಪ್ರಶ್ನೆಗೆ ಉತ್ತರವೂ ಈ ಕಥೆಯಲ್ಲೇ ಇದೆ. ಹೊಸ ಭಾಗ ಹಳೆಯ ಫ್ರೇಮ್‌ಗೆ ಹೊಸ ಜೀವ ಕೊಡುತ್ತದೆ, ಆದರೆ ಫ್ರೇಮ್ ತಾಳುವಷ್ಟು ಮಾತ್ರ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು

ಮೊದಲು ಸೈಕಲ್ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕೊಳೆಯ ಕೆಳಗೆ ಬಿರುಕು ಕಾಣಿಸುವುದಿಲ್ಲ.

ಹ್ಯಾಂಡಲ್ ಕೂರುವ ಕೊಳವೆಗೆ ಕೆಳಗಿನ ಓರೆ ಕೊಳವೆ ಸೇರುವ ಜಾಗದಲ್ಲಿ ಬಣ್ಣ ಸುಕ್ಕುಗಟ್ಟಿದೆಯೇ, ಸಣ್ಣ ಉಬ್ಬಿದೆಯೇ? ಹಾಗಿದ್ದರೆ ಈ ಸೈಕಲ್ ಹಿಂದೊಮ್ಮೆ ಎದುರಿನಿಂದ ಜೋರಾಗಿ ಡಿಕ್ಕಿ ಹೊಡೆದಿರಬಹುದು. ಅಂಥ ಫ್ರೇಮ್ ಮೇಲೆ ಹಣ ಸುರಿಯಬೇಡಿ.

ಪೆಡಲ್‌ಗಳ ನಡುವಿನ ದಪ್ಪ ಕೊಳವೆಯ ಸುತ್ತ, ಸೀಟಿನ ಕಂಬಿ ಇಳಿಯುವ ಬಾಯಿಯ ಸುತ್ತ, ಹಿಂದಿನ ಚಕ್ರದ ಅಚ್ಚು ಕೂರುವ ಜಾಗದಲ್ಲಿ ಕೂದಲಿನಂಥ ಗೆರೆಗಳಿವೆಯೇ ಎಂದು ನೋಡಿ. ಸೀಟಿನ ಕಂಬಿ ಹೊರಗೆಳೆದು ಮೊಬೈಲ್ ಟಾರ್ಚ್ ಹಾಕಿ. ಸ್ಟೀಲ್ ಫ್ರೇಮ್ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ.

ಇಲ್ಲಿ ಲೋಹದ ಗುಣವೂ ಮುಖ್ಯ. ಸ್ಟೀಲ್‌ಗೆ ಒಂದು ಮಿತಿ ಇದೆ. ಆ ಮಿತಿಗಿಂತ ಕಡಿಮೆ ಒತ್ತಡ ಎಷ್ಟು ಬಾರಿ ಬಿದ್ದರೂ ಅದು ಬಹುಮಟ್ಟಿಗೆ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಸಣ್ಣ ಸಣ್ಣ ಹೊಡೆತಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ಹಾಗೆಂದು ಎಲ್ಲ ಹಳೆಯ ಅಲ್ಯೂಮಿನಿಯಂ ಫ್ರೇಮ್‌ಗಳೂ ಅಪಾಯಕಾರಿ ಎಂದಲ್ಲ. ವರ್ಷಗಟ್ಟಲೆ ಬೆಟ್ಟ ಗುಡ್ಡ ಹತ್ತಿಳಿದ ಅಲ್ಯೂಮಿನಿಯಂ ಫ್ರೇಮ್ ಅನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು, ಅಷ್ಟೆ.

ಹೇಳಿಕೆ 1: ‘26 ಇಂಚು ದಂಡ, 29 ಇಂಚಿನ ಚಕ್ರ ಹಾಕಿಸಿ’

ಮೊದಲ ಭಾಗ ಉತ್ಪ್ರೇಕ್ಷೆ. ಎರಡನೆಯದು ತಪ್ಪು ಸಲಹೆ.

ದೊಡ್ಡ ಚಕ್ರ ಗುಂಡಿ, ಕಲ್ಲುಗಳ ಮೇಲೆ ಸುಲಭವಾಗಿ ಹತ್ತುತ್ತದೆ ಎಂಬುದು ನಿಜ. ಎಷ್ಟು ಸುಲಭ? 5 ಸೆಂ.ಮೀ. ಎತ್ತರದ ಕಲ್ಲಿಗೆ 2.1 ಇಂಚು ಅಗಲದ ಟಯರ್ ತಾಗುವ ಕೋನವನ್ನು ನಾವು ಲೆಕ್ಕ ಹಾಕಿದೆವು. 26 ಇಂಚಿನ ಚಕ್ರಕ್ಕೆ ಸುಮಾರು 32 ಡಿಗ್ರಿ, 29 ಇಂಚಿನ ಚಕ್ರಕ್ಕೆ ಸುಮಾರು 30 ಡಿಗ್ರಿ. ವ್ಯತ್ಯಾಸ ಇದೆ, ಆದರೆ ಹಳೆಯ ಸೈಕಲ್ ಗುಜರಿಗೆ ಹಾಕುವಷ್ಟಲ್ಲ.

ಇನ್ನು ಚಕ್ರ ಬದಲಿಸುವ ವಿಷಯ. ರಿಮ್‌ನ ಮೇಲೆ ಟಯರ್ ಕೂರುವ ಜಾಗದ ವ್ಯಾಸವೇ ನಿಜವಾದ ಅಳತೆ. ಮೌಂಟೇನ್ ಬೈಕ್‌ನ 26 ಇಂಚಿಗೆ ಅದು 559 ಮಿ.ಮೀ., 27.5 ಇಂಚಿಗೆ 584 ಮಿ.ಮೀ., 29 ಇಂಚಿಗೆ 622 ಮಿ.ಮೀ. ಅಂದರೆ 26ರ ಜಾಗದಲ್ಲಿ 27.5 ಹಾಕಿದರೆ ರಿಮ್ ಅಂಚು 12.5 ಮಿ.ಮೀ. ಮೇಲೆ ಹೋಗುತ್ತದೆ. 29 ಹಾಕಿದರೆ 31.5 ಮಿ.ಮೀ. ಹಳೆಯ ಬ್ರೇಕ್ ರಬ್ಬರ್ ಆಗ ರಿಮ್‌ಗೆ ಸಿಗುವುದಿಲ್ಲ, ಕಡ್ಡಿಗಳ ಕಡೆಗೆ ಹೋಗುತ್ತದೆ. ಟಯರ್ ಫ್ರೇಮ್‌ಗೆ ಉಜ್ಜಬಹುದು. 29 ಇಂಚಿನ ಚಕ್ರ ಹೆಚ್ಚಿನ ಹಳೆಯ ಫ್ರೇಮ್‌ಗಳ ಒಳಗೆ ಹೋಗುವುದೇ ಇಲ್ಲ.

ಟಯರ್ ಕೊಳ್ಳುವಾಗ ಇನ್ನೊಂದು ಗೊಂದಲವಿದೆ. ಅಂಗಡಿಯಲ್ಲಿ ‘26’ ಎಂದರೆ ಸಾಲದು. 26 × 1 3/8 ಎಂದು ಬರೆದ ಟಯರ್‌ನ ರಿಮ್ 590 ಮಿ.ಮೀ., ಅದು ಮೌಂಟೇನ್ ಬೈಕ್‌ಗೆ ಕೂರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಓಡಾಡಿದ 28 × 1 1/2 ಅಳತೆಯ ಕರಿ ಸೈಕಲ್‌ಗಳ ರಿಮ್ ಇನ್ನೂ ಬೇರೆ, 635 ಮಿ.ಮೀ. ಆದ್ದರಿಂದ ಟಯರಿನ ಪಕ್ಕದಲ್ಲಿ ‘54-559’ ಎಂಬಂತೆ ಇರುವ ಸಂಖ್ಯೆ ನೋಡಿ. ಮೊದಲನೆಯದು ಅಗಲ, ಎರಡನೆಯದು ರಿಮ್ ಅಳತೆ. ನಿಮಗೆ ಬೇಕಾದ್ದು 559.

ಹೇಳಿಕೆ 2: ‘ಟಯರ್ ಕಲ್ಲಿನಂತೆ ಗಟ್ಟಿ ಇದ್ದರೆ ಸೈಕಲ್ ಹಗುರ ಓಡುತ್ತದೆ’

ನುಣುಪಾದ ರಸ್ತೆಯಲ್ಲಿ ಒಂದು ಹಂತದವರೆಗೆ ನಿಜ. ಮಣ್ಣು, ಜಲ್ಲಿ, ಗುಂಡಿ ಇರುವ ದಾರಿಯಲ್ಲಿ ತಪ್ಪು.

ಗಟ್ಟಿ ಟಯರ್ ಪ್ರತಿ ಕಲ್ಲಿಗೂ ಸೈಕಲ್ ಮತ್ತು ಸವಾರ ಇಬ್ಬರನ್ನೂ ಮೇಲಕ್ಕೆತ್ತಿ ಹಾಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಕುಲುಕಾಟದಲ್ಲಿ ಕಳೆದುಹೋಗುತ್ತದೆ. ಸ್ವಲ್ಪ ಮೆತ್ತಗಿನ ಟಯರ್ ಕಲ್ಲಿನ ಸುತ್ತ ತಾನೇ ಬಗ್ಗಿ ಮುಂದೆ ಸಾಗುತ್ತದೆ.

ಹಿಡಿತದ ಲೆಕ್ಕವೂ ಸರಳ. ಹಿಂದಿನ ಚಕ್ರದ ಮೇಲೆ ಸುಮಾರು 50 ಕೆ.ಜಿ. ಭಾರ ಇದೆ ಎನ್ನೋಣ. ಗಾಳಿಯ ಒತ್ತಡ ಸುಮಾರು 58 ಪಿಎಸ್‌ಐ ಇದ್ದಾಗ ಟಯರ್ ನೆಲಕ್ಕೆ ತಾಗುವ ಜಾಗ ಅಂದಾಜು 12 ಚದರ ಸೆಂ.ಮೀ. ಅದನ್ನು 36 ಪಿಎಸ್‌ಐಗೆ ಇಳಿಸಿದರೆ ಸುಮಾರು 20 ಚದರ ಸೆಂ.ಮೀ. ಮಣ್ಣಿನ ದಾರಿಯಲ್ಲಿ ಇದೇ ಹೆಚ್ಚುವರಿ ಹಿಡಿತ.

ಹಾಗೆಂದು ಮನಬಂದಷ್ಟು ಗಾಳಿ ಬಿಡಬೇಡಿ. ತೀರಾ ಕಡಿಮೆಯಾದರೆ ಟ್ಯೂಬ್ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಟಯರಿನ ಪಕ್ಕದಲ್ಲಿ ಬರೆದಿರುವ ಕನಿಷ್ಠ, ಗರಿಷ್ಠ ಮಿತಿಗಳ ಒಳಗೇ ಇರಿ.

ಹಳೆಯ ಸೈಕಲ್‌ಗೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾವಣೆ ತರುವುದು ಒಳ್ಳೆಯ ಹೊಸ ಟಯರ್. ಎರಡೇ ಎಚ್ಚರಿಕೆ. ಫ್ರೇಮ್ ಮತ್ತು ಟಯರ್ ನಡುವೆ ಎರಡೂ ಬದಿ ಕನಿಷ್ಠ 5–6 ಮಿ.ಮೀ. ಜಾಗ ಉಳಿಯಲಿ, ಇಲ್ಲವಾದರೆ ಮಳೆಗಾಲದ ಕೆಸರು ಮೆತ್ತಿ ಚಕ್ರ ನಿಂತುಬಿಡುತ್ತದೆ. ಹಾಗೆಯೇ ಟ್ಯೂಬ್‌ಲೆಸ್‌ಗೆಂದು ತಯಾರಾಗದ ಹಳೆಯ ರಿಮ್‌ಗೆ ಟೇಪು ಸುತ್ತಿ ಟ್ಯೂಬ್‌ಲೆಸ್ ಮಾಡುವ ವಿಡಿಯೊಗಳನ್ನು ಅನುಸರಿಸಬೇಡಿ. ತಿರುವಿನಲ್ಲಿ ಟಯರ್ ರಿಮ್ ಬಿಟ್ಟು ಬರಬಹುದು.

ಹೇಳಿಕೆ 3: ‘ಗೇರ್ ಹೆಚ್ಚಿದ್ದಷ್ಟೂ ಸೈಕಲ್ ಒಳ್ಳೆಯದು’

ತಪ್ಪು. ಹಳೆಯ ಸೈಕಲ್‌ನಲ್ಲಿ ಮುಂದೆ 3, ಹಿಂದೆ 8, ಒಟ್ಟು 24 ಗೇರ್ ಎಂದು ಬರೆದಿರುತ್ತದೆ. ಅವುಗಳಲ್ಲಿ ಹಲವು ಒಂದರ ನಕಲು ಇನ್ನೊಂದು.

ಒಂದು ಉದಾಹರಣೆ ನೋಡಿ. ಹಳೆಯ ಜೋಡಣೆಯಲ್ಲಿ ಮುಂದೆ 22, 32, 44 ಹಲ್ಲುಗಳ ಮೂರು ಚಕ್ರ, ಹಿಂದೆ 11ರಿಂದ 32 ಹಲ್ಲು. ಅತಿ ಹಗುರ ಗೇರ್ 22 ಭಾಗಿಸು 32, ಅಂದರೆ 0.69. ಹೊಸ ಜೋಡಣೆಯಲ್ಲಿ ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 46 ಹಲ್ಲು. ಅತಿ ಹಗುರ ಗೇರ್ 0.70. ಏರು ಹತ್ತುವಾಗ ಎರಡೂ ಹೆಚ್ಚುಕಡಿಮೆ ಒಂದೇ.

ಕಳೆದುಕೊಳ್ಳುವುದು ವೇಗದ ತುದಿಯನ್ನು. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿದರೆ ಹಳೆಯದರಲ್ಲಿ ಗಂಟೆಗೆ ಸುಮಾರು 40 ಕಿ.ಮೀ., ಹೊಸದರಲ್ಲಿ ಸುಮಾರು 29 ಕಿ.ಮೀ. ಕಾಡುದಾರಿಗೆ ಇದು ಸಾಕು. ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಹಳೆಯ ಮೂರು ಚಕ್ರಗಳೇ ಮೇಲು. ನಿಮ್ಮ ದಾರಿ ಯಾವುದು ಎಂಬುದರ ಮೇಲೆ ನಿರ್ಧರಿಸಿ.

ಬದಲಿಸುವುದಾದರೆ ಹಿಂದಿನ ಹಬ್ ಮೊದಲು ನೋಡಿ. ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಹಿಂದಿನ ಹಲ್ಲುಗಳ ಗುಚ್ಛ ಫ್ರೀವೀಲ್ ಆಗಿದ್ದು, ಹಬ್‌ಗೆ ಮರೆಯಂತೆ ತಿರುಗಿಸಿ ಕೂರಿಸಿರುತ್ತಾರೆ. ಹೊಸ ಕ್ಯಾಸೆಟ್ ಅದಕ್ಕೆ ಕೂರುವುದಿಲ್ಲ, ಹಿಂದಿನ ಚಕ್ರವನ್ನೇ ಬದಲಿಸಬೇಕು. ಕ್ಯಾಸೆಟ್ ಹಬ್ ಇರುವ 8 ಅಥವಾ 9 ಸ್ಪೀಡ್ ಸೈಕಲ್ ಆದರೆ ನಿಮ್ಮ ಅದೃಷ್ಟ. ಶಿಮಾನೊ ಮಾದರಿಯ ಆ ಹಬ್‌ಗೆ ಅದೇ ಕಂಪನಿಯ 10 ಸ್ಪೀಡ್, ಮೌಂಟೇನ್ ಬೈಕ್‌ನ 11 ಸ್ಪೀಡ್ ಕ್ಯಾಸೆಟ್‌ಗಳೂ ಕೂರುತ್ತವೆ. ಶಿಮಾನೊದ ಹೊಸ 12 ಸ್ಪೀಡ್‌ಗೆ ಬೇರೆಯೇ ಹಬ್ ಬೇಕು.

ಕೈಯ ಬಳಿಯ ಶಿಫ್ಟರ್ ಮತ್ತು ಹಿಂದಿನ ಡಿರೇಲರ್ ಒಂದೇ ಕುಟುಂಬದ್ದಾಗಿರಲಿ. ಒಂದು ಕ್ಲಿಕ್‌ಗೆ ಎಷ್ಟು ವೈರ್ ಎಳೆಯಬೇಕೆಂಬ ಲೆಕ್ಕ ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. 9 ಸ್ಪೀಡ್‌ನ ಡಿರೇಲರ್‌ಗೆ 10 ಸ್ಪೀಡ್‌ನ ಶಿಫ್ಟರ್ ಹಾಕಿದರೆ ಗೇರ್ ಸರಿಯಾಗಿ ಬೀಳುವುದಿಲ್ಲ. ಮೆಕ್ಯಾನಿಕ್ ಎಷ್ಟು ಸ್ಕ್ರೂ ತಿರುಗಿಸಿದರೂ ಅದು ಸರಿಹೋಗದು.

ಹೇಳಿಕೆ 4: ‘ಡಿಸ್ಕ್ ಬ್ರೇಕ್ ಯಾವ ಸೈಕಲ್‌ಗಾದರೂ ಹಾಕಬಹುದು’

ತಪ್ಪು, ಮತ್ತು ಇದೇ ಅತ್ಯಂತ ಅಪಾಯಕಾರಿ ಫಾರ್ವರ್ಡ್.

ರಿಮ್ ಬ್ರೇಕ್ ಚಕ್ರದ ಅಂಚಿನಲ್ಲಿ, ನಡುವಿನಿಂದ ಸುಮಾರು 280 ಮಿ.ಮೀ. ದೂರದಲ್ಲಿ ಹಿಡಿಯುತ್ತದೆ. 160 ಮಿ.ಮೀ. ಡಿಸ್ಕ್ ಆದರೆ ನಡುವಿನಿಂದ 80 ಮಿ.ಮೀ.ಗಿಂತ ಕಡಿಮೆ ದೂರದಲ್ಲಿ. ಅಷ್ಟೇ ಬೇಗ ನಿಲ್ಲಬೇಕಾದರೆ ಡಿಸ್ಕ್‌ನ ಹತ್ತಿರ ಕನಿಷ್ಠ ಮೂರೂವರೆ ಪಟ್ಟು ಬಲ ಬೇಕು. ಆ ಬಲ ಎಲ್ಲಿಗೆ ಹೋಗುತ್ತದೆ? ಫೋರ್ಕ್‌ನ ಒಂದೇ ಕಾಲಿನ ಕೆಳತುದಿಗೆ. ಡಿಸ್ಕ್‌ಗೆಂದು ಮಾಡಿದ ಫೋರ್ಕ್‌ನಲ್ಲಿ ಆ ಕಾಲು ಅದಕ್ಕೆ ತಕ್ಕ ಹಾಗೆ ಬಲವಾಗಿರುತ್ತದೆ, ಬ್ರೇಕ್ ಕೂರಿಸಲು ಕಿವಿಗಳಿರುತ್ತವೆ. ಹಳೆಯ ಫೋರ್ಕ್‌ಗೆ ಕ್ಲಾಂಪ್ ಬಿಗಿದೋ ವೆಲ್ಡಿಂಗ್ ಮಾಡಿಸಿಯೋ ಡಿಸ್ಕ್ ಹಾಕಿದರೆ, ಆ ಕಾಲು ಎಂದೂ ನಿರೀಕ್ಷಿಸದ ತಿರುಚು ಅದರ ಮೇಲೆ ಬೀಳುತ್ತದೆ. ಜೊತೆಗೆ ತೆಳು ಕೊಳವೆಗೆ ವೆಲ್ಡಿಂಗ್ ಬಿಸಿ ತಾಗಿದ ಜಾಗ ದುರ್ಬಲವಾಗಬಹುದು.

ಇನ್ನೊಂದು ವಿಷಯ. ಡಿಸ್ಕ್ ಬ್ರೇಕ್ ಫೋರ್ಕ್ ಕಾಲಿನ ಹಿಂಬದಿಯಲ್ಲಿ ಕೂರುವುದರಿಂದ, ಜೋರಾಗಿ ಹಿಡಿದಾಗ ಮುಂಚಕ್ರದ ಅಚ್ಚನ್ನು ಅದರ ಗಾಡಿಯಿಂದ ಕೆಳಕ್ಕೆ ತಳ್ಳುವ ಬಲ ಹುಟ್ಟುತ್ತದೆ. ಆದ್ದರಿಂದ ಡಿಸ್ಕ್ ಇರುವ ಸೈಕಲ್‌ನಲ್ಲಿ ಚಕ್ರ ಬಿಗಿಯುವ ಲಿವರ್ ಪ್ರತಿ ಸವಾರಿಗೂ ಮೊದಲು ನೋಡಲೇಬೇಕು.

ಹಾಗಾದರೆ ಹಳೆಯ ಸೈಕಲ್ ನಿಲ್ಲುವುದು ಹೇಗೆ? ಒಣ ದಾರಿಯಲ್ಲಿ ಸರಿಯಾಗಿ ಹೊಂದಿಸಿದ ವಿ-ಬ್ರೇಕ್ ಚಕ್ರವನ್ನು ಪೂರ್ತಿ ಹಿಡಿದು ನಿಲ್ಲಿಸಬಲ್ಲದು. ಅದಕ್ಕಿಂತ ಜೋರಾಗಿ ಮುಂದಿನ ಬ್ರೇಕ್ ಹಿಡಿದರೆ ಹಿಂದಿನ ಚಕ್ರವೇ ಮೇಲೇಳುತ್ತದೆ. ಡಿಸ್ಕ್‌ನ ನಿಜವಾದ ಲಾಭ ಮಳೆ, ಕೆಸರು, ಉದ್ದನೆಯ ಇಳಿಜಾರಿನಲ್ಲಿ. ಒದ್ದೆ ರಿಮ್‌ನಲ್ಲಿ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಈ ವಿಳಂಬವನ್ನು ಲೆಕ್ಕಕ್ಕೆ ಹಿಡಿದು ವೇಗ ಇಳಿಸಬೇಕು.

ಹಳೆಯ ಕ್ಯಾಂಟಿಲಿವರ್ ಬ್ರೇಕ್ ತೆಗೆದು ವಿ-ಬ್ರೇಕ್ ಹಾಕಿಸುವುದು ಒಳ್ಳೆಯ ಬದಲಾವಣೆ. ಹೆಚ್ಚಿನ ಹಳೆಯ ಎಂಟಿಬಿಗಳಲ್ಲಿ ಅದೇ ಗೂಟಗಳ ಮೇಲೆ ಅದು ಕೂರುತ್ತದೆ. ಆದರೆ ಕೈಯ ಲಿವರ್ ಕೂಡ ವಿ-ಬ್ರೇಕ್‌ನದೇ ಆಗಬೇಕು. ಹಳೆಯ ಲಿವರ್ ಎಳೆಯುವ ವೈರ್ ಸಾಲದೆ, ಲಿವರ್ ಹ್ಯಾಂಡಲ್‌ಗೆ ತಾಗಿಬಿಡಬಹುದು.

ರಿಮ್‌ಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ಸ್ಟೀಲ್ ರಿಮ್. ಮಳೆಯಲ್ಲಿ ಅದರ ಮೇಲೆ ಬ್ರೇಕ್ ತೀರಾ ಕಡಿಮೆ ಹಿಡಿಯುತ್ತದೆ. ಅಲ್ಯೂಮಿನಿಯಂ ರಿಮ್‌ಗೆ ಬದಲಿಸಿದರೆ ವ್ಯತ್ಯಾಸ ಮೊದಲ ಮಳೆಯಲ್ಲೇ ಗೊತ್ತಾಗುತ್ತದೆ. ಈಗಾಗಲೇ ಅಲ್ಯೂಮಿನಿಯಂ ಇದ್ದರೆ ಬ್ರೇಕ್ ಉಜ್ಜುವ ಗೋಡೆಯನ್ನು ಬೆರಳಿನಿಂದ ಮುಟ್ಟಿ. ಒಳಕ್ಕೆ ತಗ್ಗಾಗಿದ್ದರೆ ರಿಮ್ ಸವೆದಿದೆ, ಒಡೆಯುವ ಮೊದಲು ಬದಲಿಸಿ.

ಹೇಳಿಕೆ 5: ‘ಶಾಕ್ ಉದ್ದ ಇದ್ದಷ್ಟೂ ಆರಾಮ’

ಹಳೆಯ ಫ್ರೇಮ್‌ಗೆ ಇದು ಹೊಂದುವುದಿಲ್ಲ. 1990ರ ದಶಕದ ಫ್ರೇಮ್‌ಗಳನ್ನು ಶಾಕ್ ಇಲ್ಲದ ಫೋರ್ಕ್‌ಗೋ, 60–80 ಮಿ.ಮೀ. ಕುಗ್ಗುವ ಶಾಕ್‌ಗೋ ಅಳತೆ ಮಾಡಿರುತ್ತಾರೆ. ಅದಕ್ಕೆ 120 ಮಿ.ಮೀ. ಶಾಕ್ ಹಾಕಿದರೆ ಮುಂಭಾಗ ಏಳುತ್ತದೆ. ಸುಮಾರು 20 ಮಿ.ಮೀ. ಎತ್ತರ ಹೆಚ್ಚಿದರೆ ಹ್ಯಾಂಡಲ್ ಕೊಳವೆಯ ಕೋನ ಅಂದಾಜು 1 ಡಿಗ್ರಿ ಹಿಂದಕ್ಕೆ ಓರೆಯಾಗುತ್ತದೆ. ಜೊತೆಗೆ ಸೀಟೂ ಹಿಂದಕ್ಕೆ ವಾಲುತ್ತದೆ. ಏರು ಹತ್ತುವಾಗ ಮುಂಚಕ್ರ ಹಗುರಾಗಿ ಅತ್ತಿತ್ತ ಅಲೆದಾಡುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಬಲ. ಉದ್ದನೆಯ ಫೋರ್ಕ್ ಎಂದರೆ ಉದ್ದನೆಯ ಹಾರೆ. ಪ್ರತಿ ಗುಂಡಿಯ ಹೊಡೆತವೂ ನಾವು ಮೊದಲು ಪರೀಕ್ಷಿಸಲು ಹೇಳಿದ ಅದೇ ಜಾಗದ ಮೇಲೆ, ಹ್ಯಾಂಡಲ್ ಕೊಳವೆಯ ಬೆಸುಗೆಯ ಮೇಲೆ ಬೀಳುತ್ತದೆ.

ಹೊಂದಾಣಿಕೆಯ ಸಮಸ್ಯೆಯೂ ಇದೆ. ಇಂದಿನ ಹಲವು ಶಾಕ್‌ಗಳ ಮೇಲಿನ ಕೊಳವೆ ಕೆಳಗೆ 1.5 ಇಂಚು, ಮೇಲೆ 1 1/8 ಇಂಚು. ಹಳೆಯ ಫ್ರೇಮ್‌ನ ಕೊಳವೆ ಮೇಲಿಂದ ಕೆಳಗೆ ಒಂದೇ ಅಳತೆ, 1 1/8 ಇಂಚು ಅಥವಾ ಅದಕ್ಕೂ ಹಿಂದಿನದಾದರೆ 1 ಇಂಚು. ಹಳೆಯ ಶಾಕ್ ಕೆಟ್ಟಿದ್ದರೆ ಅದರ ಅಚ್ಚಿನಿಂದ ಮೇಲಿನ ಕಿರೀಟದವರೆಗಿನ ಉದ್ದ ಅಳೆದು, ಅಷ್ಟೇ ಉದ್ದದ ಫೋರ್ಕ್ ಹುಡುಕಿ. ಶಾಕ್ ಇಲ್ಲದ ಸ್ಟೀಲ್ ಫೋರ್ಕ್ ಮತ್ತು ದಪ್ಪ ಟಯರ್ ಸೇರಿದರೆ ಹಳ್ಳಿ ರಸ್ತೆಗೆ ಬೇಕಾದಷ್ಟು ಆರಾಮ ಸಿಗುತ್ತದೆ, ಅಗ್ಗದ ಭಾರದ ಶಾಕ್‌ಗಿಂತ ಸೈಕಲ್ ಹಗುರವೂ ಆಗುತ್ತದೆ.

ಹ್ಯಾಂಡಲ್ ಮತ್ತು ಸೀಟು

ಹಳೆಯ ಎಂಟಿಬಿಗಳಲ್ಲಿ ಹ್ಯಾಂಡಲ್ ಕಿರಿದು, ಅದನ್ನು ಹಿಡಿದಿರುವ ಸ್ಟೆಮ್ ಉದ್ದ. ಇಳಿಜಾರಿನಲ್ಲಿ ‘ಮುಂದಕ್ಕೆ ಉರುಳಿ ಬೀಳುತ್ತೇನೆ’ ಎನ್ನಿಸಲು ಇದೂ ಕಾರಣ. ಅಗಲದ ಹ್ಯಾಂಡಲ್, ಸ್ವಲ್ಪ ಗಿಡ್ಡ ಸ್ಟೆಮ್ ಹಾಕಿದರೆ ಹಿಡಿತ ತುಂಬಾ ಸುಧಾರಿಸುತ್ತದೆ. ಆದರೆ ತೀರಾ ಗಿಡ್ಡದು ಬೇಡ. ಹಳೆಯ ಫ್ರೇಮ್‌ಗಳು ಉದ್ದದಲ್ಲೂ ಕಿರಿದು, ಮೊಣಕಾಲು ಹ್ಯಾಂಡಲ್‌ಗೆ ತಾಗುವಂತಾಗಬಹುದು. ಹ್ಯಾಂಡಲ್‌ನ ನಡುವಿನ ದಪ್ಪವೂ ಹೊಂದಬೇಕು. ಹಳೆಯದು ಸಾಮಾನ್ಯವಾಗಿ 25.4 ಮಿ.ಮೀ., ಹೊಸದು 31.8 ಅಥವಾ 35 ಮಿ.ಮೀ. ಆದ್ದರಿಂದ ಎರಡನ್ನೂ ಜೊತೆಯಾಗಿ ಬದಲಿಸಿ.

ಸೀಟಿನ ಕಂಬಿ ಮೇಲೆ ಒಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಂತೆ ಸೀಟು ಏರಿಸಬೇಡಿ. ಎತ್ತರ ಸಾಲದಿದ್ದರೆ ಉದ್ದನೆಯ ಕಂಬಿ ತನ್ನಿ.

ಹಣ ಯಾವುದಕ್ಕೆ ಮೊದಲು?

ನಮ್ಮ ಸಲಹೆ ಈ ಕ್ರಮದಲ್ಲಿ: ಮೊದಲು ಫ್ರೇಮ್ ತಪಾಸಣೆ. ನಂತರ ಬ್ರೇಕ್ ರಬ್ಬರ್, ವೈರ್, ಬೇಕಿದ್ದರೆ ರಿಮ್. ಆಮೇಲೆ ಟಯರ್. ಬಳಿಕ ಬೇರಿಂಗ್‌ಗಳಿಗೆ ಗ್ರೀಸ್, ಹೊಸ ಚೈನು ಮತ್ತು ಹಿಂದಿನ ಹಲ್ಲುಗಳು ಒಟ್ಟಿಗೆ. ಹ್ಯಾಂಡಲ್, ಸೀಟು ಅದರ ನಂತರ. ಗೇರ್ ಬದಲಾವಣೆ ಕೊನೆಗೆ. ಫ್ರೇಮ್‌ನಲ್ಲಿ ಜಾಗ ಇಲ್ಲದ ಡಿಸ್ಕ್, ಉದ್ದನೆಯ ಶಾಕ್, ದೊಡ್ಡ ಚಕ್ರ ಈ ಪಟ್ಟಿಯಲ್ಲಿ ಇಲ್ಲ.

ನಿಮಗೆ ಬೇಕಾಗಿರುವುದೇ ದೊಡ್ಡ ಶಾಕ್, ಡಿಸ್ಕ್, 29 ಇಂಚಿನ ಚಕ್ರ ಎಂದಾದರೆ, ಅದಕ್ಕೆಂದೇ ಮಾಡಿದ ಸೈಕಲ್ ಕೊಳ್ಳಿ. ಹಳೆಯದನ್ನು ಅದು ಚೆನ್ನಾಗಿ ಮಾಡುವ ಕೆಲಸಕ್ಕೆ ಉಳಿಸಿಕೊಳ್ಳಿ: ಮಣ್ಣಿನ ರಸ್ತೆ, ತೋಟದ ದಾರಿ, ಪೇಟೆ ಓಡಾಟ, ಮಕ್ಕಳ ಜೊತೆ ಭಾನುವಾರದ ಸವಾರಿ.

ಫಾರ್ವರ್ಡ್ ಮಾಡುವ ಮೊದಲು

‘ಹಳೆಯ ಸೈಕಲ್‌ಗೆ ಏನು ಬೇಕಾದರೂ ಹಾಕಬಹುದು’: ತಪ್ಪು.
‘26 ಇಂಚಿನ ಸೈಕಲ್ ಉಪಯೋಗಕ್ಕಿಲ್ಲ’: ತಪ್ಪು.
‘ಹೊಸ ಟಯರ್, ಒಳ್ಳೆಯ ಬ್ರೇಕ್, ಸರಿಯಾದ ಹ್ಯಾಂಡಲ್‌ನಿಂದ ಹಳೆಯ ಸೈಕಲ್ ಹೊಸದರಂತೆ ಓಡಬಹುದು’: ನಿಜ, ಫ್ರೇಮ್ ಗಟ್ಟಿ ಇದ್ದರೆ.

ನಿಮ್ಮ ಗುಂಪಿನಲ್ಲಿ ಯಾರಾದರೂ ಹಳೆಯ ಫೋರ್ಕ್‌ಗೆ ಡಿಸ್ಕ್ ವೆಲ್ಡಿಂಗ್ ಮಾಡಿದ ವಿಡಿಯೊ ಹಾಕಿದ್ದರೆ, ಈ ಲೇಖನದ ನಾಲ್ಕನೇ ಹೇಳಿಕೆಯನ್ನಾದರೂ ಅವರಿಗೆ ಕಳುಹಿಸಿ. ಅದನ್ನು ನೋಡಿ ಮಗನ ಸೈಕಲ್‌ಗೂ ಹಾಗೆಯೇ ಮಾಡಿಸಲು ಹೊರಟಿರುವ ಅಪ್ಪ ಅದೇ ಗುಂಪಿನಲ್ಲಿರಬಹುದು.